ಪೇಪರಿನ ಇಲಿಯ ಯೋಗಕ್ಷೇಮ

ನಮ್ಮ ಚಿಕ್ಕಪ್ಪ ಹೊಳೆಹೊನ್ನೂರಿನಲ್ಲಿರುವ ಸ್ವಂತ ಅಣ್ಣನಿಗೆ ಜ್ವರ ಬಂದರೆ ವಿಚಾರಿಸದೆ ಇದ್ದಾರು. ಅಮೆರಿಕದ ಪ್ರಯೋಗಾಲಯದ ಇಲಿಗೆ ನೆಗಡಿಯಾದರೆ ಮಾತ್ರ ಅವರಿಗೆ ನಿದ್ದೆ ಬರುವುದಿಲ್ಲ! ಉತ್ಪ್ರೇಕ್ಷೆ ಅಂದುಕೊಂಡಿರಾ? ಭದ್ರಾವತಿಯಲ್ಲಿ ಅವರ ಬೀದಿಯವರನ್ನು ಯಾರನ್ನು ಬೇಕಾದರೂ ಕೇಳಿ.

ಅವರು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಇಡೀ ಸರ್ವಿಸು ಕಳೆದವರು. ಶಿಫ್ಟಿಗೆ ಒಳಗೆ ಹೋದ ಆಳು ಹೊರಗೆ ಬಂದನೋ ಇಲ್ಲವೋ ಎಂದು ನೋಡುವುದೇ ಕೆಲಸ. ರಿಟೈರಾದ ಮೇಲೆ ಆ ಚಾಳಿ ಪೇಪರಿನ ಕಡೆ ತಿರುಗಿತು. ಒಳಪುಟದಲ್ಲಿ ‘ವಿಜ್ಞಾನಿಗಳ ಪ್ರಕಾರ’ ಎಂದು ಒಂದು ಸುದ್ದಿ ಬಂತೆನ್ನಿ, ಅದು ಮುಂದೇನಾಯಿತು ಎಂದು ತಿಳಿಯುವವರೆಗೆ ಅವರು ಬಿಡುವವರಲ್ಲ. ನಮ್ಮ ಪೇಪರುಗಳಿಗೋ ಆ ಚಿಂತೆಯೇ ಇಲ್ಲ! ಕ್ಯಾನ್ಸರಿಗೆ ಮಳೆಗಾಲಕ್ಕೊಂದು ಬೇಸಿಗೆಗೊಂದು ಮದ್ದು ಕಂಡುಹಿಡಿಯುತ್ತಾರೆ, ಆಮೇಲೆ ಅದನ್ನು ಎಲ್ಲಿಟ್ಟೆವೆಂದು ಮರೆತುಬಿಡುತ್ತಾರೆ.

ಒಂದು ಸೋಮವಾರ ಕಾಫಿ ಹೃದಯಕ್ಕೆ ಒಳ್ಳೆಯದು ಎಂದು ಬಂತು. ಗುರುವಾರ ಅದೇ ಪುಟದಲ್ಲಿ, ಅದೇ ಲೋಟದ ಚಿತ್ರದ ಕೆಳಗೆ, ಕಾಫಿ ಹೃದಯಕ್ಕೆ ಕೇಡು ಎಂದು ಬಂತು. ನಾವಾದರೆ ನಕ್ಕು ಇನ್ನೊಂದು ಲೋಟ ಕುಡಿಯುತ್ತೇವೆ. ಚಿಕ್ಕಪ್ಪನ ಪ್ರಶ್ನೆಯೇ ಬೇರೆ.

“ಸೋಮವಾರದ್ದು ಓದಿ ಮಂಗಳವಾರ, ಬುಧವಾರ ಜಾಸ್ತಿ ಕುಡಿದೋರ ಗತಿ ಏನೋ ಮಾರಾಯ? ಅವರಿಗೆ ಯಾರು ಜವಾಬ್ದಾರಿ?”

ಆಮೇಲೆ ದಿನವಿಡೀ ಸುದ್ದಿ ಕಿರಿಚುವ ಚಾನೆಲ್ಲುಗಳು ಬಂದವು. ಒಂದು ಚಾನೆಲ್ಲಿನವರು, ಶುಕ್ರವಾರ ಆಕಾಶದಿಂದ ಬಂಡೆಯೊಂದು ಬಂದು ಭೂಮಿಗೆ ಅಪ್ಪಳಿಸುತ್ತದೆ ಎಂದು ವಾರವಿಡೀ ಹೆದರಿಸಿದರು. ಕೆಂಪು ಅಕ್ಷರವೇನು, ಡಮಡಮ ಸಂಗೀತವೇನು! ಚರ್ಚೆಗೆ ಒಬ್ಬ ಜ್ಯೋತಿಷಿ, ಒಬ್ಬ ಭೌತಶಾಸ್ತ್ರದ ಪ್ರೊಫೆಸರು. ಜ್ಯೋತಿಷಿ ಮೈಮೇಲೆ ಬಂದವರ ಹಾಗೆ ಮಾತಾಡಿದ. ಪ್ರೊಫೆಸರು “ಹಾಗೇನೂ...” ಎನ್ನುವಷ್ಟರಲ್ಲಿ ಸೋಪಿನ ಜಾಹೀರಾತು ಬಂತು. ಶನಿವಾರ ಬೆಳಗ್ಗೆ ಭೂಮಿ ಇದ್ದಲ್ಲೇ ಇತ್ತು, ಚಾನೆಲ್ಲಿನಲ್ಲಿ ಯಾವುದೋ ನಟಿಯ ಮದುವೆ ನಡೆದಿತ್ತು. ಚಿಕ್ಕಪ್ಪ ಎಸ್‌ಟಿಡಿ ಬೂತಿಗೆ ಹೋಗಿ ಬೆಂಗಳೂರಿಗೆ ಫೋನ್ ಮಾಡಿದರು.

“ನಿನ್ನೆ ಬರ್ಬೇಕಿದ್ದ ಬಂಡೆ ಎಲ್ಲಿಗೆ ಬಂದಿದೆ ಸ್ವಾಮಿ? ಲೇಟಾ, ಕ್ಯಾನ್ಸಲ್ಲಾ?”

ಆ ಕಡೆಯವರು ಫೋನ್ ಕುಕ್ಕಿದರು.

ಆದರೆ ಅವರು ಎಲ್ಲಕ್ಕಿಂತ ಬಿಗಿಯಾಗಿ ಹಿಡಿದದ್ದು ಒಂದು ಇಲಿಯನ್ನು. ‘ಕುರುಡು ಇಲಿಗೆ ಮರಳಿದ ದೃಷ್ಟಿ: ಇನ್ನು ಅಂಧತ್ವವೇ ಇಲ್ಲ!’ ಎಂದು ಹಿಂದೊಮ್ಮೆ ದಪ್ಪ ಅಕ್ಷರದಲ್ಲಿ ಬಂದಿತ್ತು. ಚಿಕ್ಕಮ್ಮನ ಕಣ್ಣು ಆಗಲೇ ಮಂಜಾಗತೊಡಗಿತ್ತು. ಕಣ್ಣಿನ ಒಳಪರದೆ ಹಾಳಾಗುತ್ತಿದೆ, ಇದಕ್ಕೆ ಔಷಧಿಯಿಲ್ಲ ಎಂದು ಶಿವಮೊಗ್ಗದ ಡಾಕ್ಟರು ಕೈಚೆಲ್ಲಿದ್ದರು. ಅಂದಿನಿಂದ ಬೆಳಗ್ಗೆ ಪೇಪರು ಬಿಡಿಸಿದರೆ ಚಿಕ್ಕಪ್ಪ ಮೊದಲು ಹುಡುಕುವುದು ಆ ಇಲಿಯನ್ನು. ವರ್ಷಗಳು ಉರುಳಿದವು, ಚಿಕ್ಕಮ್ಮನಿಗೆ ಎದುರು ನಿಂತವರ ಮುಖವೂ ಕಾಣದಾಯಿತು. ಇಲಿಯ ಸುದ್ದಿ ಮಾತ್ರ ಇಲ್ಲ. ಒಳಗೆ ಬಂದದ್ದಕ್ಕೆ ಎಂಟ್ರಿ ಇದೆ, ಹೊರಗೆ ಹೋದದ್ದಕ್ಕಿಲ್ಲ!

ಕೊನೆಗೊಂದು ದಿನ ಶಿವಮೊಗ್ಗದ ವಿನೋಬನಗರದ ನಮ್ಮ ಮನೆಗೆ ಬಂದು ನನ್ನನ್ನು ಹೊರಡಿಸಿದರು. “ಪೇಪರ್ ಆಫೀಸಿಗೆ ಹೋಗೋಣ ಬಾರೋ, ಇಲಿ ಹೆಂಗಿದೆ ವಿಚಾರಿಸ್ಕೊಂಡು ಬರೋಣ.” ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ಕಾಯಿಲೆಯವರನ್ನು ವಿಚಾರಿಸಲು ಬರಿಗೈಯಲ್ಲಿ ಹೋಗುತ್ತಾರೆಯೇ?

ಅಲ್ಲಿದ್ದ ಉಪಸಂಪಾದಕ ಒಳ್ಳೆಯ ಮನುಷ್ಯ. ವಿಜ್ಞಾನ, ರಾಶಿಭವಿಷ್ಯ ಎರಡನ್ನೂ ಅವನೇ ನೋಡಿಕೊಳ್ಳುತ್ತಿದ್ದ.

“ಆ ಇಲಿ ಈಗ ಹೆಂಗಿದೆ?” ಎಂದರು ಚಿಕ್ಕಪ್ಪ.

“ಯಾವ ಇಲಿ ಸಾರ್?”

“ನೀವೇ ಹಾಕಿದ್ರಲ್ಲ, ಕಣ್ಣು ಬಂದಿದ್ದು.”

“ಓ, ಅದಾ! ಏಜೆನ್ಸಿಯಿಂದ ಬಂದಿದ್ದು ಸಾರ್. ನಾವು ಕನ್ನಡ ಮಾಡಿ ಹಾಕ್ತೀವಿ ಅಷ್ಟೇ. ಆಮೇಲಿಂದು ಗೊತ್ತಾಗಲ್ಲ.”

“‘ಇನ್ನು ಅಂಧತ್ವವೇ ಇಲ್ಲ’ ಅಂತ ಅವರೇ ಬರ್ದಿದ್ರಾ?”

ಅವನು ತಲೆ ಕೆರೆದುಕೊಂಡ. “ಅದು... ಹೆಡ್ಡಿಂಗಲ್ಲಿ ಜಾಗ ಉಳಿದಿತ್ತು ಸಾರ್. ನಾನೇ ಸೇರಿಸ್ದೆ.”

ಈಗ ಆಫೀಸಿನ ಹೆಂಚು ಹಾರುತ್ತದೆ ಎಂದು ನಾನು ಹಿಂದಕ್ಕೆ ಸರಿದೆ. ಚಿಕ್ಕಪ್ಪ ಬಯ್ಯಲಿಲ್ಲ. ಬಾಳೆಹಣ್ಣನ್ನು ಅವನ ಮೇಜಿನ ಮೇಲಿಟ್ಟು ಎದ್ದರು. ಅವರನ್ನು ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಭದ್ರಾವತಿ ಬಸ್ಸು ಹತ್ತಿದೆ.

ಬಾಗಿಲ ಸದ್ದಿಗೇ ಚಿಕ್ಕಮ್ಮ ಮುಖವೆತ್ತಿದರು. “ಏನಂದ್ರು ರೀ? ಇಲಿ ಹೆಂಗಿದೆಯಂತೆ?”

ಕಾರ್ಖಾನೆಯ ಗೇಟಿನಲ್ಲಿ ಒಬ್ಬನದೂ ಸುಳ್ಳು ಹಾಜರಿ ಹಾಕದ ಮನುಷ್ಯ ಚಪ್ಪಲಿ ಬಿಡುತ್ತಾ ಹೇಳಿದರು: “ಚೆನ್ನಾಗಿದೆಯಂತೆ ಕಣೇ. ಕಣ್ಣು ನಿಚ್ಚಳವಂತೆ. ಮರಿ ಬೇರೆ ಹಾಕಿದೆಯಂತೆ!”

ಚಿಕ್ಕಪ್ಪ ಕಾಲು ತೊಳೆಯಲು ಬಚ್ಚಲಿಗೆ ಹೋದರು. ಚಿಕ್ಕಮ್ಮ ಗಾಳಿಯಲ್ಲಿ ತಡವಿ ನನ್ನ ತೋಳು ಹಿಡಿದು ಪಿಸುಗುಟ್ಟಿದರು.

“ಇಲಿ ಅಷ್ಟು ವರ್ಷ ಎಲ್ಲಿ ಬದುಕುತ್ತೋ? ಯಾವಾಗ್ಲೋ ಸತ್ತಿರುತ್ತೆ, ಪಾಪ. ನೀನು ಅವರ ಹತ್ರ ಹೇಳಕ್ಕೆ ಹೋಗ್ಬೇಡ, ತಡ್ಕೊಳಲ್ಲ ಅವರು.”

ನಾನು ತಲೆಯಾಡಿಸಿದೆ. ಅದು ಅವರಿಗೆ ಕಾಣದು ಎಂದು ಹೊಳೆದು “ಹೂಂ” ಎಂದೆ. ಚಿಕ್ಕಮ್ಮ ಬಚ್ಚಲಿನತ್ತ ತಿರುಗಿ ಗಟ್ಟಿಯಾಗಿ ಕೂಗಿದರು:

“ಎಷ್ಟು ಮರಿಯಂತೆ ರೀ?”