ಪಕ್ಕದ ಮನೆಯ ಸೈಕಲ್ಲಿನವರು

ನಮ್ಮ ಅತ್ತಿಗೆಗೆ, ಅಂದರೆ ನನ್ನ ಯಜಮಾನರ ಅಕ್ಕನಿಗೆ, ಐವತ್ತೈದನೆಯ ವಯಸ್ಸಿನಲ್ಲಿ ಸೈಕಲ್ ಹಿಡಿಯಿತು. ದೆವ್ವ ಹಿಡಿದಿದ್ದರೆ ಬಿಡಿಸುವವರನ್ನು ಹುಡುಕಬಹುದಿತ್ತು. ಸೈಕಲ್ ಹಿಡಿದವರನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು? ಎಲ್ಲಿಗೆ ಕರೆದರೂ ಅವರು ಸೈಕಲ್ಲಿನಲ್ಲೇ ಬರುತ್ತಾರಲ್ಲ!

ಹೈಸ್ಕೂಲಿನಲ್ಲಿ ಗಣಿತ ಹೇಳುವ ಮೇಡಂ. ಮದುವೆಯಾಗಲಿಲ್ಲ, ಬಸವನಗುಡಿಯ ಮನೆಯಲ್ಲಿ ನಮ್ಮೊಂದಿಗೇ ಇದ್ದಾರೆ. ಮೂರು ವರ್ಷದ ಹಿಂದೆ ಒಂದು ದಿನ ಬಸ್ ಬರಲಿಲ್ಲ ಅಂತ ಶಾಲೆಯ ಜವಾನರ ಸೈಕಲ್ ಕೇಳಿ ತುಳಿದುಕೊಂಡು ಬಂದರು. ಅಷ್ಟೇ ಆಗಿದ್ದು. ಈಗ ಗುರಿ ಇನ್ನೂರು ಕಿಲೋಮೀಟರ್ ಪಂದ್ಯ! ಬೆಳಗ್ಗೆ ಐದಕ್ಕೆ ಮಲ್ಲೇಶ್ವರದಿಂದ ಹೊರಟು, ಕನಕಪುರದಾಚೆ ಎಲ್ಲೆಲ್ಲೋ ಸುತ್ತಿ, ಸಂಜೆ ಆರೂವರೆಯೊಳಗೆ ವಾಪಸ್ ಮಲ್ಲೇಶ್ವರ ಮುಟ್ಟಬೇಕು. ದಾರಿಯುದ್ದಕ್ಕೂ ಗೊತ್ತಾದ ಜಾಗಗಳಲ್ಲಿ ಕಾರ್ಡಿಗೆ ಮುದ್ರೆ ಹಾಕಿಸಿಕೊಳ್ಳಬೇಕು. ಎರಡು ಸಲ ಸೋತರು. ಹೋದ ವರ್ಷವಂತೂ ಬರೀ ಹನ್ನೊಂದು ನಿಮಿಷ ತಡ. ಕೊನೆಯ ಮುದ್ರೆಯಿಲ್ಲದ ಆ ಕಾರ್ಡನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಟ್ಟುಕೊಂಡಿದ್ದಾರೆ.

ಹೋಗಲಿ, ಮನೆಯ ಮಾನ? ಅಭ್ಯಾಸಕ್ಕೆ ಬೆಟ್ಟ ಬೇಕಂತೆ. ಬೆಟ್ಟ ದೂರವಾದ ದಿನ ದೊಡ್ಡ ಬಸವಣ್ಣನ ಗುಡಿಯ ಏರನ್ನೇ ಹದಿನೈದು ಸಲ ಹತ್ತಿ ಇಳಿಯುತ್ತಾರೆ. "ಏನ್ರೀ, ಬಸವಣ್ಣನಿಗೆ ಹರಕೆನಾ?" ಅಂತ ವಾಕಿಂಗಿನವರೊಬ್ಬರು ಕೇಳಿದರು. ನಾನು "ಹೂಂ" ಅಂದುಬಿಟ್ಟೆ. ಇನ್ನೇನು ಹೇಳಲಿ?

ಆಮೇಲೆ ಆ ಚಡ್ಡಿ. ಕೂರುವ ಜಾಗಕ್ಕೆ ಸ್ಪಂಜಿನ ಮೆತ್ತೆ ಕೊಟ್ಟು ಹೊಲಿದ ಕರಿ ಚಡ್ಡಿ! ತಾರಸಿಯ ಮೇಲೆ ಅದನ್ನು ಒಣಗಹಾಕಿದಾಗೆಲ್ಲ ಮೇಲೆ ಒಂದು ಪಂಚೆ ಮುಚ್ಚುವುದು ನನ್ನ ನಿತ್ಯಕರ್ಮ. ಒಮ್ಮೆ ಗಾಳಿಗೆ ಪಂಚೆ ಹಾರಿತು. ಸಂಡಿಗೆ ಇಡಲು ಬಂದಿದ್ದ ನಮ್ಮ ಚಿಕ್ಕಮ್ಮ ನೋಡಿಯೇಬಿಟ್ಟರು.

"ಇದೇನೇ ಇದು? ಯಾರಿಗಾದ್ರೂ ಆಪರೇಷನ್ ಆಗಿದ್ಯಾ?"

"ಮೂಲವ್ಯಾಧಿ ಚಿಕ್ಕಮ್ಮಾ. ಇವರಿಗೆ."

ಚಿಕ್ಕಮ್ಮ ಅಂತಃಕರಣದ ಹೆಂಗಸು. ಮೂಲವ್ಯಾಧಿಗೆ ಮದ್ದು ಅಂತ ವಾರವಾರವೂ ಚಾಮರಾಜಪೇಟೆಯಿಂದ ಸುವರ್ಣಗೆಡ್ಡೆ ಕಳಿಸಿದರು. ಯಾವ ಪಾಪಕ್ಕೆ ಅಂತ ಗೊತ್ತಿಲ್ಲದೆ ನಮ್ಮ ಯಜಮಾನರು ಎರಡು ತಿಂಗಳು ಸುವರ್ಣಗೆಡ್ಡೆ ಹುಳಿ ತಿಂದರು!

ಇವೆಲ್ಲ ನಗುವ ಸುಳ್ಳುಗಳು. ಇನ್ನೊಂದಿದೆ, ಅದಕ್ಕೆ ನಗು ಬರುವುದಿಲ್ಲ.

ಗಾಂಧಿಬಜಾರಿನಲ್ಲಿ ನನಗೊಬ್ಬಳು ಖಾಯಂ ಹೂವಿನಾಕೆ. ನಾನು ಎಷ್ಟು ಹೊತ್ತಿಗೆ ಹೋದರೂ ಒಳ್ಳೆಯ ಬಿಗಿಮೊಗ್ಗಿನ ಮಲ್ಲಿಗೆಯ ಮೊಳ ಎತ್ತಿಟ್ಟಿರುತ್ತಾಳೆ; ನನ್ನ ಮುಖ ನೋಡಿ ಅಂತಲೇ ನಾನು ಬೀಗುತ್ತಿದ್ದೆ. ಒಂದು ದಿನ ನಾನು ಹೂವು ಕೊಳ್ಳುತ್ತಿದ್ದಾಗ ಹೆಲ್ಮೆಟ್ಟು, ಹಳದಿ ಜೆರ್ಸಿ, ಆ ಚಡ್ಡಿ ಸಮೇತ ಅತ್ತಿಗೆ ಅದೇ ರಸ್ತೆಯಲ್ಲಿ ಬಂದರು. ಸುತ್ತ ಪರಿಚಯದ ನಾಲ್ಕು ಹೆಂಗಸರು.

"ಅಕ್ಕಾ, ಆಯಮ್ಮ ನಿಮ್ಮನೇವ್ರಲ್ವಾ?" ಅಂದಳು ಹೂವಿನಾಕೆ, ತುಟಿಯಂಚಿನಲ್ಲಿ ನಗುತ್ತ.

"ಅಯ್ಯೋ, ಅಲ್ಲಮ್ಮಾ. ಪಕ್ಕದ ಮನೇವ್ರು."

ಹೇಳಿ ತಿರುಗುತ್ತೇನೆ, ಮುಂದೆ ಆಟೋ ಅಡ್ಡ ಬಂದು ಅತ್ತಿಗೆ ನನ್ನಿಂದ ಮೂರು ಮಾರು ದೂರದಲ್ಲಿ ಕಾಲೂರಿ ನಿಂತಿದ್ದಾರೆ! ನನ್ನತ್ತ ನೋಡಲಿಲ್ಲ. ಸಂಜೆ ಮನೆಯಲ್ಲಿ ಎಂದಿನಂತೆ ಊಟಕ್ಕೆ ಕೂತರು. ಎರಡನೇ ಸಲ ಸಾರು ಹಾಕಿಸಿಕೊಂಡು "ಚೆನ್ನಾಗಿದೆ ಕಣೆ" ಅಂದರು. ಕೇಳಿಸಿತೋ ಇಲ್ಲವೋ? ನಾನು ಕೇಳಲಿಲ್ಲ. ಕೇಳುವ ಮುಖ ಎಲ್ಲಿತ್ತು?

ಈ ವರ್ಷ ಪಂದ್ಯ ರಾಮನವಮಿಯ ದಿನವೇ ಬಂತು. ಮಾಡಿದ ತಪ್ಪಿಗೆ ಪರಿಹಾರವೆಂಬಂತೆ "ಕಾರಲ್ಲಿ ಹಿಂದೇನೇ ಬರ್ತೀವಿ ಅತ್ತಿಗೆ, ಮೊಸರನ್ನ ತರ್ತೀನಿ" ಅಂದೆ.

"ಕೂಡದು. ಮನೆಯವರು ನಂಗೋಸ್ಕರ ಅಂತ ದಾರೀಲಿ ಏನಾದ್ರೂ ತಂದ್ಕೊಟ್ರೆ ನಾನು ಔಟು. ಎಲ್ರಿಗೂ ಸಿಗೋದು ನಂಗೂ ಸಿಕ್ರೆ ತಗೋಬಹುದು, ಅಷ್ಟೇ ರೂಲ್ಸು."

ಮೂರು ತಂಬಿಟ್ಟನ್ನು ಜೆರ್ಸಿಯ ಬೆನ್ನಿನ ಜೇಬುಗಳಿಗೆ ಸೇರಿಸಿ ಹೊರಟರು.

ಸಂಜೆ ನಮ್ಮ ರಸ್ತೆಯ ತುದಿಯ ಚಪ್ಪರದಲ್ಲಿ ಬಂದವರಿಗೆಲ್ಲ ಪಾನಕ ಹಂಚುತ್ತ ಸೌಟು ಹಿಡಿದು ನಿಂತಿದ್ದೆ. ಐದೂಮುಕ್ಕಾಲು. ಮಲ್ಲೇಶ್ವರದ ಕಡೆ ಹೋಗಬೇಕಾದ ಅತ್ತಿಗೆ ಚಪ್ಪರದ ಮುಂದೆ ಇಳಿದರು. ತುಟಿ ಒಡೆದಿತ್ತು. ಜೆರ್ಸಿಯ ಮೇಲೆ ಬೆವರಿನ ಉಪ್ಪು ಬೆಳ್ಳಗೆ ಗೆರೆಗಟ್ಟಿತ್ತು. ನೀರಿನ ಬಾಟಲಿ ಖಾಲಿ. ಇನ್ನೂ ಮುಕ್ಕಾಲು ಗಂಟೆ ಇದೆ. ಆದರೆ ಈ ಹಬ್ಬದ ಟ್ರಾಫಿಕ್ಕು! ಮುಂದೆ ಬನ್ನಿ ಅಂತ ಕೈಮಾಡಿದೆ. ಬರಲಿಲ್ಲ. ಸಾಲಿನ ಕೊನೆಗೆ ಹೋಗಿ ನಿಂತರು.

ಅವರ ಸರದಿ ಬಂದಾಗ ನನ್ನ ಕೈ ತಾನಾಗಿ ದೊಡ್ಡ ಸ್ಟೀಲ್ ಲೋಟಕ್ಕೆ ಹೋಯಿತು.

"ಎಲ್ರಿಗೂ ಎಷ್ಟು ಕೊಡ್ತಿದೀರೋ ಅಷ್ಟೇ ಕೊಡಿ ಅಮ್ಮಾ," ಅಂದರು.

ನಾನು ಮದುವೆಯಾಗಿ ಬಂದ ಇಪ್ಪತ್ತಾರು ವರ್ಷದಲ್ಲಿ ಅತ್ತಿಗೆ ನನಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ಸ್ಟೀಲ್ ಲೋಟ ಕೆಳಗಿಟ್ಟು, ಎಲ್ಲರಿಗೂ ಕೊಡುವ ಕಾಗದದ ಲೋಟಕ್ಕೇ ಪಾನಕ ಬಗ್ಗಿಸಿ ಕೊಟ್ಟೆ. ಹಬ್ಬದ ವ್ಯಾಪಾರಕ್ಕೆಂದು ಅವತ್ತು ಚಪ್ಪರದ ಪಕ್ಕವೇ ಬುಟ್ಟಿ ಇಟ್ಟು ಕೂತಿದ್ದ ಹೂವಿನಾಕೆ ಕತ್ತು ಚಾಚಿದಳು. ಅವಳು ಬಾಯಿ ತೆರೆಯುವ ಮೊದಲೇ ಅತ್ತಿಗೆ ಅವಳತ್ತ ನಕ್ಕು, "ನಾನು ಪಕ್ಕದ ಮನೇವ್ಳು ಕಣಮ್ಮಾ," ಅಂದವರೇ ಗಟಗಟ ಕುಡಿದು ಸೈಕಲ್ ಏರಿದರು.

ಕೇಳಿಸಿತ್ತು! ಆ ಮಾತಿನಲ್ಲಿ ಒಂದಿಷ್ಟಾದರೂ ಮುಳ್ಳಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

"ಯಾವ್ ಪಕ್ಕ ಅಕ್ಕಾ? ಎಡಗಡೆ ಮನೆನಾ, ಬಲಗಡೆ ಮನೆನಾ?" ಹೂವಿನಾಕೆ ಬಿಡಲಿಲ್ಲ.

ನಮ್ಮವರು ಅಂತ ಚಪ್ಪರ ಹಾರಿಹೋಗುವಂತೆ ಕೂಗಬೇಕೆನಿಸಿತು. ಆದರೆ ಹಾಗಂದರೆ ಆ ಪಾನಕ ಮನೆಯವರ ಉಪಚಾರವಾಗಿ, ಎಲ್ಲಿ ಕಾರ್ಡು ಕೆಡುತ್ತದೋ! "ತಾಳಮ್ಮಾ, ಆರೂವರೆ ಆಗ್ಲಿ, ಹೇಳ್ತೀನಿ," ಅಂದೆ.

ಆರು ಇಪ್ಪತ್ತಾರಕ್ಕೆ ಫೋನು ಬಂತು. ಏದುಸಿರು. "ಮುದ್ರೆ ಬಿತ್ತು ಕಣೆ."

ಸೌಟು ಹಿಡಿದೇ ಹೂವಿನ ಬುಟ್ಟಿಯ ಮುಂದೆ ಹೋಗಿ ನಿಂತೆ. "ನಮ್ಮತ್ತಿಗೆ ಅವರು. ನಮ್ಮನೆಯವರೇ. ಅವತ್ತು ನಾನು ಸುಳ್ಳು ಹೇಳ್ದೆ."

ಅವಳು ಮಲ್ಲಿಗೆಯ ಮೇಲೆ ನೀರು ಚಿಮುಕಿಸುತ್ತಲೇ ಇದ್ದಳು.

"ಗೊತ್ತು ಬಿಡಕ್ಕಾ. ದಿನಾ ಬೆಳಗ್ಗೆ ಸೈಕಲ್ ನಿಲ್ಸಿ, 'ನಮ್ಮನೇವ್ಳು ಬರ್ತಾಳೆ, ಒಳ್ಳೆ ಮಲ್ಲಿಗೆ ಎತ್ತಿಡಮ್ಮಾ' ಅಂತ ಹೇಳೇ ಹೋಗೋದು ಆಯಮ್ಮ."