ಪಾದರಕ್ಷಾ ವಿಜಯ

ಎಲೈ ವಾಗ್ದೇವಿಯೇ, ಇನ್ನೂರು ಪುಟದ ಈ ನೋಟ್‌ಬುಕ್ಕಿನ ಮೇಲೆ ಕ್ಷಣಕಾಲ ಬಂದು ಕುಳಿತುಕೋ! ಕಲಿಯುಗದ ಪ್ರಥಮಪಾದದಲ್ಲಿ, ಗದಗ ಪಟ್ಟಣದಲ್ಲಿ, ಮಂಗಳವಾರದ ಚಹಾವೇಳೆಯಲ್ಲಿ, ಸೊಸೆಕುಲಭಯಂಕರಿಯೂ ಲಟ್ಟಣಿಗೆಧಾರಿಣಿಯೂ ಆದ ಎಂಬತ್ತರ ತಿರಕವ್ವನಿಗೂ, ಆಕೆಯ ತಂಗಿ, ಅಖಂಡವಾಗ್ಝರಿ ನಿಂಬವ್ವನಿಗೂ ನಡೆದ ಘೋರ ಸಂಗ್ರಾಮವನ್ನು ನನ್ನಿಂದ ಹೇಳಿಸು.

ಮೊಮ್ಮಗಳು ಕಸ್ತೂರಿ ಅಜ್ಜಿಯ ಜೀವನಚರಿತ್ರೆ ಬರೆಯುವ ಭೀಷಣ ಪ್ರತಿಜ್ಞೆ ಮಾಡಿದ್ದಳು. ಭಾನುವಾರ ಎಂಬತ್ತರ ಸಮಾರಂಭ; ಅಷ್ಟರೊಳಗೆ ಪುಸ್ತಕ ಅಚ್ಚಾಗಬೇಕು. ಎಲ್ಲ ಸುಸೂತ್ರವಾಗಿ ಸಾಗಿ, ಲೇಖನಿ ಕಳ್ಳನ ಪ್ರಸಂಗಕ್ಕೆ ಬಂದು ಸಿಕ್ಕಿಕೊಂಡಿತು.

ಅರವತ್ತೆರಡು ವರ್ಷಗಳ ಹಿಂದೆ, ತಿರಕವ್ವನ ನಿಶ್ಚಯದ ದಿನ, ಅವಳ ಅಪ್ಪನ ಹೊಸ ಚಪ್ಪಲಿ ಮಾಯವಾಗಿದ್ದವು. ನಾಲ್ಕನೆಯ ದಿನ ನಡುಮಧ್ಯಾಹ್ನ ಮುಖಕ್ಕೆ ವಸ್ತ್ರ ಸುತ್ತಿದ ಕಳ್ಳನೊಬ್ಬ ಹಿತ್ತಲಿಗೆ ನುಗ್ಗಿದ. ಅಕ್ಕ ಲಟ್ಟಣಿಗೆ ಎಸೆದಳು, ತಂಗಿ ಒನಕೆ ಬೀಸಿದಳು, ಇಬ್ಬರೂ ಕಣ್ಣು ಮುಚ್ಚಿಕೊಂಡೇ. ಕೇಳಿದ್ದು ಮಾತ್ರ ಒಂದೇ 'ಧಡ್'. ಕಳ್ಳ ಪರಾರಿ, ಚಪ್ಪಲಿ ಅಲ್ಲೇ ಬಿದ್ದಿದ್ದವು. ಏಟು ಒಂದಾದ ಮೇಲೆ ವೀರಾಂಗನೆ ಇಬ್ಬರಾಗುವುದು ಹೇಗೆ?

"ಏ ನಿಂಬಿ!" ಗರ್ಜಿಸಿದಳು ತಿರಕವ್ವ. "ಹಲ್ಲಿ ಕಂಡ್ರ ಚೀರಾಕಿ ನೀ, ಕಳ್ಳನ್ನ ಹೊಡದಿಯೇನ? ನನ್ನ ಲಟ್ಟಣಿಗಿ ಏಟಿಗೆ ಅಂವ ಚಪ್ಪಲಿ ಚೆಲ್ಲಿ ಓಡಿದ!"

"ನಿನ್ನ ಲಟ್ಟಣಿಗಿ ಹುಣಸಿ ಗಿಡದಾಗ ಸಿಕ್ಕೊಂಡಿತ್ತಲ್ಲ ಅಕ್ಕಾ! ಕಸ್ತೂರಿ, ನಿಂಬವ್ವ ಹೊಡದ್ಲು ಅಂತ ಬರಿ."

ಕಸ್ತೂರಿ ಒಂದು ಹೆಸರು ಬರೆದಳು, ಅಳಿಸಿದಳು, ಇನ್ನೊಂದು ಬರೆದಳು, ಕಾಗದ ತೂತಾಯಿತು. ಅಗ್ರಜೆ ನೋಟ್‌ಬುಕ್ಕಿನ ಎಡರಟ್ಟನ್ನು ಹಿಡಿಯಲು, ಅನುಜೆ ಬಲರಟ್ಟನ್ನು ಜಗ್ಗಲು, ಚಹಾದ ಬಟ್ಟಲು ಉರುಳಿ ಅಜ್ಜಿಯ ಬಾಲ್ಯದ ನಾಲ್ಕು ಪುಟ ತೊಯ್ದವು.

ಆಗ ಮೂಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ತಿರಕವ್ವನ ಪತಿ, ಮಿತಭಾಷಿ ಅಡಿವೆಪ್ಪಜ್ಜ, ಕೆಮ್ಮಿದ.

"ಅಂವ ಕಳ್ಳ ಅಲ್ಲ. ನಾನ ಇದ್ದೆ."

ನೋಟ್‌ಬುಕ್ಕು ಇಬ್ಬರ ಕೈಯಿಂದಲೂ ಜಾರಿ ಬಿದ್ದಿತು. ಕಸ್ತೂರಿಯ ಕಣ್ಣು ಅರಳಿತು. "ಅಜ್ಜೀನ್ನ ಕದ್ದು ನೋಡಾಕ ಬಂದಿದ್ರಿ ಅಜ್ಜಾ?"

"ಎಲ್ಲೀದವಾ! ನಿಶ್ಚೇದ ದಿನ ಗದ್ದಲದಾಗ ಮಾವನ ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದೆ. ಹೇಳಿದ್ರ ಮರ್ಯಾದಿ ಹೋಗ್ತೈತಿ ಅಂತ ಸುಮ್ಮನ ಇಟ್ಟು ಹೋಗಾಕ ಬಂದೆ. ಇವರಿಬ್ಬರೂ ಚೀರಿದ್ರು. ಓಡೂಮುಂದ ಹಿತ್ತಲದ ಗಿಡ್ಡ ಬಾಗಿಲಕ್ಕ ತಲಿ ಬಡಕೊಂಡೆ. ಧಡ್ ಅಂದಿದ್ದು ಅದ."

"ಅರವತ್ತೆರಡು ವರ್ಷ ಬಾಯಿ ಬಿಡಲಿಲ್ಲಲ್ರಿ!" ಎಂದಳು ತಿರಕವ್ವ.

"ಬಂದವರಿಗೆಲ್ಲಾ ಎಷ್ಟ್ ಖುಷಿಲೆ ಹೇಳ್ತಿದ್ದಿ. ನನಗೂ ಕೇಳಾಕ ಚಂದ ಅನಸ್ತಿತ್ತು."

ಸೊಸೆಕುಲಭಯಂಕರಿಯ ಕಣ್ಣು ತುಂಬಿತು. ಮರುಕ್ಷಣವೇ ಆಕೆ ಸೆರಗಿನಿಂದ ಮೂಗೊರೆಸಿಕೊಂಡಳು. "ಇದನ್ನ ಬರೀಬ್ಯಾಡ. ಮಂದಿ ಓದ್ತಾರ."

"ಹೌದ ಮತ್ತ, ಅಡಿವೆಪ್ಪ ಮಾಮಾನ ಮರ್ಯಾದಿ ಪ್ರಶ್ನಿ," ಎಂದಳು ನಿಂಬವ್ವ. ಆ ಮಧ್ಯಾಹ್ನದ ಬಗ್ಗೆ ಆಕೆ ಅಕ್ಕನ ಮಾತಿಗೆ ಒಪ್ಪಿದ್ದು ಅದೇ ಮೊದಲು.

ಹೀಗೆ ಆ ಮಹಾಪ್ರಸಂಗ, ಹನ್ನೊಂದು ಪುಟ ಹರಿದ ಮೇಲೆ, ಒಂದು ಸಾಲಿನಲ್ಲಿ ಗ್ರಂಥಸ್ಥವಾಯಿತು: 'ಒಂದು ಮಧ್ಯಾಹ್ನ ಅಪ್ಪನ ಚಪ್ಪಲಿ ಸಿಕ್ಕವು.'

ಓದಿಸಿ ಕೇಳಿದ ಅಕ್ಕತಂಗಿಯರು, "ಬರೋಬ್ಬರಿ ಐತಿ" ಎಂದರು. ಅಜ್ಜ ಶೇಂಗಾ ಸುಲಿಯತೊಡಗಿದ.