ಇನ್‌ಸ್ಪೆಕ್ಟ್ ಬಟನ್ ಸಾಹೇಬರ ಸನ್ನಿಧಾನಕ್ಕೆ, ಬೇವಿನ ಕೋಲಿನ ಡಾಕ್ಟರಿಂದ

ಶ್ರೀಮಾನ್ ಇನ್‌ಸ್ಪೆಕ್ಟ್ ಬಟನ್ ಅವರಿಗೆ,
ಪರದೆಯ ಬಲಮೂಲೆ, ಮೇಲಿನಿಂದ ಎರಡನೆಯ ಸ್ಥಾನ,
'ವಜ್ರದುರ್ಗ' ಆನ್‌ಲೈನ್ ಆಟ.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಕಳೆದ ತಿಂಗಳು ನಮ್ಮ ಮೊಬೈಲುಗಳಲ್ಲಿ ತಾವು ಅವತರಿಸಿದ ದಿನದಿಂದ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕೂ ತಾಲ್ಲೂಕಿನ ಹೆಬ್ಬೆರಳುಗಳು ತಮ್ಮ ಮುಖವನ್ನು ಬಿಡುವಿಲ್ಲದೆ ಒತ್ತುತ್ತಿದ್ದರೂ, ಪುಟ್ಟ ಭೂತಗನ್ನಡಿಯ ಚಿತ್ರ ಹೊತ್ತ ಆ ದುಂಡು ಮುಖದಲ್ಲಿ ಒಂದು ಸುಕ್ಕೂ ಬೀಳದಿರುವುದನ್ನು ಕಂಡು ತುಂಬಾ ಸಂತೋಷವಾಗಿದೆ. ಇಷ್ಟು ಜನ ಒತ್ತಿದರೂ ಅಲುಗಾಡದೆ ಕುಳಿತಿರುವ ಅಧಿಕಾರಿಗಳು ಈ ಜಿಲ್ಲೆಯಲ್ಲಿ ಇನ್ನೂ ಕೆಲವರಿದ್ದಾರೆ, ಆದರೆ ಒತ್ತಿದ ತಕ್ಷಣ ಕೆಲಸ ಮಾಡಿಕೊಡುವವರು ತಾವೊಬ್ಬರೇ.

ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಲಕ್ಷ್ಮಿದೇವಿ, ವಯಸ್ಸು ನಲವತ್ತನಾಲ್ಕು, ಹಂಪಾಪುರ ಹೋಬಳಿಯ ಒಂದು ಸಣ್ಣ ಊರಿನ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು. ಬೆಳಿಗ್ಗೆ ಆರಕ್ಕೂ ಸಂಜೆ ಐದಕ್ಕೂ ಊರಿನವರು ಕ್ಯಾನು ಹಿಡಿದು ಸಾಲಾಗಿ ನಿಂತಾಗ, ಒಬ್ಬೊಬ್ಬರ ಹಾಲಿಗೂ ಗಾಜಿನ ಲ್ಯಾಕ್ಟೋಮೀಟರ್ ಇಳಿಬಿಟ್ಟು, ಅದು ಎಷ್ಟು ಡಿಗ್ರಿಗೆ ತೇಲಿ ನಿಂತಿತೆಂದು ಸಾಲಿನಲ್ಲಿರುವವರೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಹೇಳುವುದು ನನ್ನ ಉದ್ಯೋಗ. ಇಪ್ಪತ್ತೆಂಟಿದ್ದರೆ ಹಾಲು, ತೀರಾ ಕೆಳಗಿಳಿದರೆ ನೀರು ಬೆರೆತ ಹಾಲು. ಅಂದರೆ ಮಾನ್ಯರೇ, ತಾವು ಹುಟ್ಟುವುದಕ್ಕೆ ಹದಿನೈದು ವರ್ಷ ಮೊದಲೇ ನಾನು ತಮ್ಮ ಹಾಗೆಯೇ ಇನ್ನೊಬ್ಬರದನ್ನು ಪರೀಕ್ಷಿಸಿ ತೋರಿಸುವ ಕೆಲಸ ಮಾಡುತ್ತಿದ್ದೆ. ಹೀಗಾಗಿ ಇದನ್ನು ಒಬ್ಬ ಸಹೋದ್ಯೋಗಿಯ ಪತ್ರವೆಂದೇ ಭಾವಿಸಬೇಕಾಗಿ ಪ್ರಾರ್ಥನೆ.

ಪರೀಕ್ಷೆಯೇ ಬೇಡವೆಂದು ನಾನು ಹೇಳುವವಳಲ್ಲ. ನಮ್ಮೂರಿನ ಚನ್ನಬಸವಣ್ಣನವರ ಕ್ಯಾನಿನಲ್ಲಿ ಒಮ್ಮೆ ಲ್ಯಾಕ್ಟೋಮೀಟರಿನ ಪಕ್ಕದಲ್ಲೇ ಒಂದು ಗೊದಮೊಟ್ಟೆಯೂ ತೇಲಿಬಂದಾಗ ಅವರು ಕಣ್ಣು ಮಿಟುಕಿಸದೆ, "ಬೆಳಿಗ್ಗೆ ನಮ್ಮ ಹಸ ಕೆರೇಲಿ ನೀರ್ ಕುಡ್ದಿತ್ತು ಕಣಮ್ಮ, ಅಲ್ಲಿಂದ ಬಂದಿರ್ಬೇಕು" ಎಂದಿದ್ದರು. ಇಂಥವರಿರುವ ಲೋಕದಲ್ಲಿ ಯಾರಾದರೂ ಒಬ್ಬರು ನೋಡಲೇಬೇಕು. ಒಬ್ಬರ ಹಾಲು ಕೆಟ್ಟರೆ ಊರಿನ ಹಾಲೆಲ್ಲ ಕೆಡುತ್ತದೆ, ತಮ್ಮ ಆಟದಲ್ಲಿ ಒಬ್ಬ ಕೈಕೊಟ್ಟರೆ ಪಡೆಯೇ ಸಾಯುತ್ತದೆ. ತಮ್ಮನ್ನು ನೇಮಿಸಿದ ಕಂಪನಿಯವರ ಆಲೋಚನೆ ನನಗೆ ಚೆನ್ನಾಗಿಯೇ ಅರ್ಥವಾಗುತ್ತದೆ.

ಆದರೆ ಹಾಲಿಗೆ ಕಡ್ಡಿ ಇಳಿಬಿಡುವವಳನ್ನು ಕಂಡರೆ ಊರಿನಲ್ಲಿ ಯಾರಿಗೂ ಅಂಥ ಪ್ರೀತಿಯೇನೂ ಇರುವುದಿಲ್ಲ. ನಾನು ಅಂಗಡಿಯ ಮುಂದೆ ನಿಂತರೆ ಅಲ್ಲಿಯವರೆಗೆ ನಡೆಯುತ್ತಿದ್ದ ಮಾತು ಮಳೆಬೆಳೆಯ ಕಡೆಗೆ ಹೊರಳುತ್ತದೆ. ಹಾಗಾಗಿಯೇ ಎರಡು ವರ್ಷದ ಹಿಂದೆ, ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ ನಡುವಿನ ಬಿಡುವಿನಲ್ಲಿ, ವಜ್ರದುರ್ಗ ಆಟಕ್ಕೆ ಸೇರಿಕೊಂಡೆ. ಅಲ್ಲಿ ನಾನು ಗಾಯಗೊಂಡವರಿಗೆ ಮದ್ದು ಹಾಕುವ ವೈದ್ಯ. ಕತ್ತಿ ಹಿಡಿಯುವ ನಾಲ್ವರು ಮುಂದೆ, ನಾನು ಅವರ ಹಿಂದೆ. ಪಡೆಯ ನಾಯಕ ಶರತ್ ಚುಂಚನಕಟ್ಟೆ ಕಡೆಯವನು, ಗದ್ದೆ ಉಳುವ ಟ್ರ್ಯಾಕ್ಟರ್ ನಿಲ್ಲಿಸಿ ನಾಲೆಯ ಏರಿಯ ಮೇಲೆ ಕುಳಿತು ಆಡುತ್ತಾನೆ. ಮೂರ್ತಿ ಹುಣಸೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಉಳಿದಿಬ್ಬರು ಪಿರಿಯಾಪಟ್ಟಣದವರು, ಮಾತು ಕಡಿಮೆ. ಅವರೆಲ್ಲ ಮೈಕಿನಲ್ಲಿ ಮಾತಾಡುತ್ತಿದ್ದರು, ನಾನು ಮಾತ್ರ ಬೆರಳಿನಲ್ಲಿ ಟೈಪು ಮಾಡುತ್ತಿದ್ದೆ. ನಾನು ಗಂಡಸೋ ಹೆಂಗಸೋ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. "ಡಾಕ್ಟ್ರೇ, ಬಂದ್ರಾ? ನೀವಿಲ್ದೆ ಒಳೀಕ್ ಓಗಕ್ಕೆ ಭಯ ಆಯ್ತದೆ ಕಣ್ರೀ" ಎಂದು ಶರತ್ ದಿನಾ ಮಧ್ಯಾಹ್ನ ಹೇಳುತ್ತಿದ್ದ ಮಾತಿಗಾಗಿಯೇ ನಾನು ಊಟದ ತಟ್ಟೆಯನ್ನು ಬೇಗ ತೊಳೆಯುತ್ತಿದ್ದೆ ಎಂಬುದನ್ನು ತಮ್ಮ ಮುಂದೆ ಒಪ್ಪಿಕೊಳ್ಳುವುದಕ್ಕೆ ನನಗೆ ನಾಚಿಕೆಯಿಲ್ಲ.

ನನ್ನ ಕೈಯಲ್ಲಿದ್ದದ್ದು ಬೇವಿನ ಕೋಲು. ಆಟಕ್ಕೆ ಸೇರಿದ ಮೊದಲ ದಿನ ಎಲ್ಲ ವೈದ್ಯರಿಗೂ ಬಿಟ್ಟಿಯಾಗಿ ಸಿಗುವುದು ಅದೇ. ಆಮೇಲೆ ಗೆದ್ದು ಗೆದ್ದು ಬೆಳ್ಳಿಯದು, ಚಿನ್ನದ್ದು, ಹವಳದ್ದು ಎಂದು ಬದಲಾಯಿಸಿಕೊಳ್ಳುತ್ತಾ ಹೋಗಬೇಕು. ನಾನು ಬದಲಾಯಿಸಲಿಲ್ಲ. ಕೋಲು ಯಾವುದಾದರೂ, ಕೊನೆಗೆ ಕೋಲೇ ಇಲ್ಲದಿದ್ದರೂ, ಮದ್ದು ಮದ್ದೇ. ಒಳ್ಳೆಯ ಕೋಲಿದ್ದರೆ ಎರಡು ಮದ್ದಿನ ನಡುವೆ ಕಾಯುವ ಹೊತ್ತು ತುಸು ಕಡಿಮೆಯಾಗುತ್ತದೆ, ಅಷ್ಟೆ. ಮದ್ದನ್ನು ಯಾವಾಗ ಹಾಕಬೇಕೆಂಬುದು ಮುಖ್ಯ. ಕಡ್ಡಿ ಇಳಿದು, ಮೇಲೆದ್ದು, ಅಲುಗಾಡಿ, ತೇಲಿ ನಿಲ್ಲುವ ತನಕ ಕಾದು ನೋಡಿದ ಕಣ್ಣು ನನ್ನದು. ಶರತನ ಜೀವದ ಕೆಂಪು ಗೆರೆ ಎರಡು ಕೂದಲಿನಷ್ಟು ಉಳಿಯುವವರೆಗೂ ಸುಮ್ಮನಿದ್ದು, ಇನ್ನು ಸತ್ತನೆಂದು ಎಲ್ಲರೂ ಕೈಬಿಟ್ಟಾಗ ಮದ್ದು ಹಾಕುತ್ತಿದ್ದೆ. ಎರಡು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ. ಗೆದ್ದಾಗ ನನ್ನ ಪಾಲಿಗೆ ಬಿದ್ದ ಕವಚ, ಗುರಾಣಿಗಳನ್ನೆಲ್ಲ ಅವರಿಗೇ ಹಂಚಿಬಿಡುತ್ತಿದ್ದೆ. ಶರತ್ ಇವತ್ತು ಎದೆ ಸೆಟೆಸಿ ತೊಟ್ಟಿರುವ ಸಿಂಹಮುಖದ ಕವಚ ಹನ್ನೊಂದು ವಾರ ಕಾದು ನನಗೆ ಸಿಕ್ಕಿದ್ದು.

ಇಂಥ ಸಂದರ್ಭದಲ್ಲಿ ತಮ್ಮ ಆಗಮನವಾಯಿತು. ಯಾರು ಬೇಕಾದರೂ ಯಾರ ಬೆನ್ನ ಹಿಂದೆಯಾದರೂ ನಿಂತು ತಮ್ಮನ್ನು ಒತ್ತಿದರೆ ಸಾಕು, ಆ ಮನುಷ್ಯ ತಲೆಯಿಂದ ಕಾಲಿನವರೆಗೆ ಏನೇನು ತೊಟ್ಟಿದ್ದಾನೆಂದು ಆರು ಚೌಕಗಳಲ್ಲಿ ತಾವು ಹರವಿಡುತ್ತೀರಿ, ನೋಡಿಸಿಕೊಂಡವನಿಗೆ ಗಾಳಿಯೂ ಸೋಕದ ಹಾಗೆ. ಎಂಥ ಕೈಚಳಕ. ಶರತ್ ನನ್ನ ಮೇಲೆ ತಮ್ಮನ್ನು ಒತ್ತಿದ. ಮೂರನೆಯ ಚೌಕದಲ್ಲಿ ಬೂದು ಬಣ್ಣದ ಅಕ್ಷರದಲ್ಲಿ ತಾವು 'ಬೇವಿನ ಕೋಲು, ಸಾಧಾರಣ' ಎಂದು ನಿವೇದಿಸಿದಿರಿ. ಕಲ್ಲುರಾಕ್ಷಸನ ಗುಹೆಗೆ ಹೊರಡಬೇಕಾದ ಹೊತ್ತಿಗೆ ಮೈಕಿನಲ್ಲಿ ಶರತನ ಧ್ವನಿ ಬಂತು: "ಡಾಕ್ಟ್ರೇ, ಬೇಜಾರ್ ಮಾಡ್ಕಬೇಡಿ. ನಿಮ್ ಕೋಲ್ ನೋಡ್ದೆ. ಹೊಸಬ್ರಿಗೆ ಪುಕ್ಸಟ್ಟೆ ಕೊಡೋ ಕೋಲು ಕಣ್ರೀ ಅದು. ಎರಡು ವರ್ಷ ಯಾಮಾರಿಸ್ಬುಟ್ರಲ್ಲ ನಮ್ಮನ್ನ." ಮೂರ್ತಿ, "ಸುಮ್ನಿರ್ಲಾ, ಎರಡು ವರ್ಷದಿಂದ ನೀನು ಬದ್ಕಿರೋದೇ ಅವ್ರಿಂದ ಕಣ್ಲಾ" ಎಂದದ್ದೂ ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ನನ್ನನ್ನು ಪಡೆಯಿಂದ ತೆಗೆದುಹಾಕಲಾಗಿದೆ ಎಂಬ ಚೀಟಿ ಪರದೆಯ ಮೇಲೆ ಬಂದು ನಿಂತಿತು.

ಸುಳ್ಳೇಕೆ ಹೇಳಲಿ, ಅತ್ತುಬಿಟ್ಟೆ. ತೆಗೆದುಹಾಕಿದ್ದಕ್ಕಲ್ಲ, ಯಾಮಾರಿಸಿದೆ ಎಂದಿದ್ದಕ್ಕೆ. ಅವನು ತೊಟ್ಟದ್ದನ್ನು ನೋಡಿದನೇ ಹೊರತು ಕೊಟ್ಟದ್ದನ್ನು ನೋಡಲಿಲ್ಲ, ಏಕೆಂದರೆ ಅದಕ್ಕೆ ತಮ್ಮಲ್ಲಿ ಚೌಕವೇ ಇರಲಿಲ್ಲ.

ಇಲ್ಲಿಯವರೆಗೆ ಇದು ತಮ್ಮ ಮೇಲಿನ ದೂರು. ಇನ್ನು ಮುಂದಿನದನ್ನು ಬರೆಯುವುದೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಸಹೋದ್ಯೋಗಿಯ ಮುಂದೆ ಮುಚ್ಚಿಡುವುದು ಸರಿಯಲ್ಲ, ಬರೆದೇಬಿಡುತ್ತೇನೆ. ಅತ್ತು ಮುಖ ತೊಳೆದುಕೊಳ್ಳುವಾಗ ನನಗೆ ನೆನಪಾದದ್ದು ಮರಮ್ಮ. ಮನೆಗೆ ಇರುವುದು ಒಂದೇ ಹಸು, ದಿನಕ್ಕೆ ನಾಲ್ಕು ಲೀಟರ್ ತಂದು ಹಾಕುವ ಹೆಂಗಸು. ಇದೆಲ್ಲ ಆಗುವುದಕ್ಕೆ ಒಂದು ವಾರ ಮೊದಲು ಅವರ ಹಾಲಿಗೆ ಇಳಿಬಿಟ್ಟ ಕಡ್ಡಿ ಇಪ್ಪತ್ತೆರಡಕ್ಕೆ ನಿಂತಿತ್ತು. ನಾನು ಸಾಲಿನವರೆಲ್ಲ ಕೇಳುವ ಹಾಗೆ, "ಇಪ್ಪತ್ತೆರಡು, ನೀರೈತೆ, ವಾಪಸ್ ತಗಂಡೋಗಿ" ಎಂದಿದ್ದೆ. ಅವರು ಜಗಳವಾಡಲಿಲ್ಲ. "ಹಾಲ್ ನೋಡ್ದೆ, ಸರಿ. ಹಸ ನೋಡ್ದಾ? ನೋಡ್ದಲೇ ಇಷ್ಟು ಜನದ ಮುಂದೆ ನನ್ನ ಕಳ್ಳಿ ಮಾಡ್ಬುಟ್ಟಲ್ಲ ಕಣವ್ವ" ಎಂದು ಕ್ಯಾನೆತ್ತಿಕೊಂಡು ಹೋದವರು ಮತ್ತೆ ಡೈರಿಯ ಕಡೆ ತಲೆ ಹಾಕಿರಲಿಲ್ಲ. ನಾನೂ ನನ್ನ ಕೆಲಸ ನಾನು ಮಾಡಿದೆನೆಂದು ನೆಮ್ಮದಿಯಾಗಿದ್ದೆ, ತಾವು ಈಗ ಇರುವ ಹಾಗೆ.

ಮಾರನೆಯ ದಿನ ಅವರ ಕೊಟ್ಟಿಗೆಗೆ ಹೋದೆ. ಹಸುವಿನ ಕೆಚ್ಚಲು ಒಂದು ಕಡೆ ಊದಿ ಕೆಂಪಾಗಿತ್ತು, ಮುಟ್ಟಿದರೆ ಸುಡುತ್ತಿತ್ತು. ಕೆಚ್ಚಲು ಬಾವು ಬಂದರೆ ನೀರು ಬೆರೆಸದ ಹಾಲೂ ತೆಳ್ಳಗಾಗುತ್ತದೆಂದು ತರಬೇತಿಯ ಪುಸ್ತಕದಲ್ಲಿ ನಾನೇ ಓದಿದ್ದೆ. ಹದಿನೈದು ವರ್ಷದಿಂದ ಡಿಗ್ರಿ ಇಳಿದರೆ ನೀರು ಎಂದು ಹೇಳಿ ಹೇಳಿ ಅದನ್ನು ಮರೆತೇಬಿಟ್ಟಿದ್ದೆ. ಪಶುವೈದ್ಯರನ್ನು ಕರೆಸಿದೆ, ಸೂಜಿ ಹಾಕಿದರು. ಮರಮ್ಮನ ಕೈ ಹಿಡಿದುಕೊಂಡು ತಪ್ಪಾಯಿತು ಎಂದಾಗ ಅವರು ಹಸುವಿನ ಬೆನ್ನು ಸವರುತ್ತಲೇ, "ಇಲ್ಲಿ ಹೇಳಿದ್ರೆ ಹಸೀಗ್ ಕೇಳ್ತದೆ ಅಷ್ಟೇಯ. ಅಂದಿದ್ದು ಅಲ್ಲಿ ತಾನೆ?" ಎಂದರು. ಹಸು ವಾಸಿಯಾಗಿ, ಮದ್ದಿನ ದಿನಗಳು ಕಳೆದು ಅವರು ಮತ್ತೆ ಕ್ಯಾನು ತಂದ ದಿನ, ಕಡ್ಡಿ ಇಪ್ಪತ್ತೆಂಟಕ್ಕೆ ನಿಂತಿತು. ಅವತ್ತು ನೀರಿರಲಿಲ್ಲ, ಹಸುವಿಗೆ ಹುಷಾರಿರಲಿಲ್ಲ, ನನಗೆ ಬುದ್ಧಿ ಇರಲಿಲ್ಲ ಎಂದು ಅದೇ ಸಾಲಿನ ಮುಂದೆ, ಅಷ್ಟೇ ಗಟ್ಟಿಯಾಗಿ ಹೇಳಿದೆ. ಡೈರಿ ಕಾರ್ಯದರ್ಶಿ ಮಹದೇವಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. ಮರಮ್ಮ ಹಾಲು ಸುರಿದು ಹೋಗುವಾಗ ಒಂದು ಮಾತು ಕೇಳಿದರು: "ನನ್ನ ಹಾಲ್ ನೋಡಕ್ಕೆ ನಿನ್ತಾವ ಗಾಜಿನ್ ಕಡ್ಡಿ ಐತೆ. ನಿನ್ನ ನೋಡಕ್ಕೆ ನಮ್ತಾವ ಏನೈತವ್ವ?"

ಮಾನ್ಯರೇ, ಆ ಪ್ರಶ್ನೆಯನ್ನು ಇದ್ದ ಹಾಗೆಯೇ ತಮಗೆ ವರ್ಗಾಯಿಸುತ್ತಿದ್ದೇನೆ. ತಮ್ಮನ್ನು ಪರೀಕ್ಷಿಸಲು ತಮ್ಮ ಮೇಲೆಯೇ ಬೆರಳಿಟ್ಟು ಬಹಳ ಹೊತ್ತು ಒತ್ತಿ ಹಿಡಿದೆ. ತಾವು ಮತ್ತೆ ನನ್ನ ಬೇವಿನ ಕೋಲನ್ನೇ ತೋರಿಸಿದಿರಿ.

ತಮ್ಮ ಹುದ್ದೆಯನ್ನು ರದ್ದು ಮಾಡಿಸುವ ಉದ್ದೇಶ ನನಗೆ ಖಂಡಿತ ಇಲ್ಲ. ಡೈರಿಯಲ್ಲಿ ನಾವು ಪಾಲಿಸುವ ಮರ್ಯಾದೆಯನ್ನಾದರೂ ತಾವು ಪಾಲಿಸಿದರೆ ಸಾಕು. ನಾನು ಕಡ್ಡಿ ಇಳಿಬಿಡುವುದು ಹಾಲು ತಂದವರ ಎದುರಿಗೇ, ಡಿಗ್ರಿಯನ್ನು ಅವರೂ ಬಗ್ಗಿ ನೋಡಬಹುದು, ಒಪ್ಪದಿದ್ದರೆ ಇನ್ನೊಂದು ಸಲ ಇಳಿಬಿಡಬೇಕು. ತಾವೂ ಯಾರನ್ನಾದರೂ ನೋಡುವಾಗ ಅವರಿಗೆ ಗಂಟೆಯ ಸದ್ದೊಂದು ಕೇಳಿಸಲಿ, ನೋಡುವವನು ಮೊದಲು ತನ್ನ ಆರು ಚೌಕ ತೆರೆದಿಟ್ಟು ಆಮೇಲೆ ಇನ್ನೊಬ್ಬರದನ್ನು ನೋಡಲಿ. ಸಿಂಹಮುಖದ ಕವಚದ ಕೆಳಗೆ ಅದನ್ನು ಗೆದ್ದವರು ಯಾರು, ಕೊಟ್ಟವರು ಯಾರು ಎಂದು ಒಂದು ಸಾಲು ಬರೆಯಿರಿ. ಏಳನೆಯ ಚೌಕ ಒಂದನ್ನು ಮಾಡಿ, ಈ ಮನುಷ್ಯ ಎಷ್ಟು ಸಲ ಸಾಯುವವನನ್ನು ಎತ್ತಿ ನಿಲ್ಲಿಸಿದ್ದಾನೆ ಎಂದು ತೋರಿಸಿ. ಎಂಟನೆಯದರಲ್ಲಿ ಇವನು ಯಾರ ಮಾತು ಕೇಳುವುದಕ್ಕಾಗಿ ಬೇಗ ಊಟ ಮುಗಿಸುತ್ತಾನೆ ಎಂಬುದೂ ಬಂದರೆ ಒಳ್ಳೆಯದು. ಇಷ್ಟೆಲ್ಲ ತಮ್ಮ ಕೈಯಲ್ಲಾಗದಿದ್ದರೆ ಬೇರೆ ದಾರಿಯೂ ಇದೆ. ಒಂದು ಬೆಳಿಗ್ಗೆ ಆರು ಗಂಟೆಗೆ ಕ್ಯಾನು ಹಿಡಿದು ನಮ್ಮ ಡೈರಿಯ ಸಾಲಿನಲ್ಲಿ ಬಂದು ನಿಲ್ಲಿ. ತಮ್ಮ ಡಿಗ್ರಿ ಎಷ್ಟೆಂದು ನಾನೇ ಗಟ್ಟಿಯಾಗಿ ಹೇಳುತ್ತೇನೆ. ಕಡಿಮೆ ಬಂದರೆ ಹೆದರಬೇಡಿ, ಈಗ ನಾನು ಕೊಟ್ಟಿಗೆಗೂ ಬಂದು ನೋಡುತ್ತೇನೆ.

ನನ್ನ ಜಾಗಕ್ಕೆ ಹವಳದ ಕೋಲಿನ ಹೊಸ ವೈದ್ಯನೊಬ್ಬನನ್ನು ಶರತ್ ತಮ್ಮ ಮೂಲಕವೇ ನೋಡಿ ಆರಿಸಿದ್ದಾನಂತೆ. ಆ ವೈದ್ಯ ಮೊದಲು ತನಗೇ ಮದ್ದು ಹಾಕಿಕೊಳ್ಳುತ್ತಾನಂತೆ. ಕಲ್ಲುರಾಕ್ಷಸನ ಗುಹೆಯಲ್ಲಿ ಪಡೆ ಮೂರು ವಾರದಿಂದ ಸಾಯುತ್ತಲೇ ಇದೆ ಎಂದು ಮೂರ್ತಿ ಸಂದೇಶ ಕಳಿಸಿದ್ದಾನೆ. ಸಾಯುವಾಗ ಎಲ್ಲರ ಉಡುಪೂ ಬಹಳ ಚೆನ್ನಾಗಿ ಕಾಣುತ್ತಿರುತ್ತದೆ ಎಂದುಕೊಂಡಿದ್ದೇನೆ.

ಬೂದು ಅಕ್ಷರದಲ್ಲಿ ಬರೆಯಲ್ಪಟ್ಟರೂ ಇನ್ನೂ
ತಮ್ಮ ವಿಶ್ವಾಸಿಯೇ ಆಗಿರುವ,
ಲಕ್ಷ್ಮಿದೇವಿ
(ಸಾಧಾರಣ)

ಮರೆತ ಮಾತು: ಈ ಪತ್ರ ಮುಗಿಸಿದ ಮೇಲೆ ಶರತ್‌ನಿಂದ ಆಟದೊಳಗೆ ಸಂದೇಶ ಬಂತು, ಕೋಲು ಬದಲಾಯಿಸಿಕೊಂಡು ಬಂದರೆ ಸೇರಿಸಿಕೊಳ್ಳುತ್ತೇನೆಂದು. ನಾನು ಕೋಲು, ನಿಲುವಂಗಿ, ಚಪ್ಪಲಿ ಎಲ್ಲವನ್ನೂ ತೆಗೆದಿಟ್ಟು, ಮಾನ ಮುಚ್ಚಲು ಕಂಪನಿಯವರು ಕೊಡುವ ಬಿಳಿ ಅಂಗಿಯೊಂದರಲ್ಲಿ ಹೋಗಿ ಗುಹೆಯ ಬಾಗಿಲಲ್ಲಿ ನಿಂತೆ. ಅವನು ತಮ್ಮನ್ನು ಒತ್ತಿದ. ತಾವು ಆರು ಖಾಲಿ ಚೌಕಗಳನ್ನು ತೋರಿಸಿದಿರಿ. "ಇದೇನ್ ಡಾಕ್ಟ್ರೇ, ಏನೂ ಕಾಣ್ತಿಲ್ವಲ್ಲ" ಎಂದ. ಎರಡು ವರ್ಷದಲ್ಲಿ ಮೊದಲ ಸಲ ಮೈಕ್ ಆನ್ ಮಾಡಿ, "ಬರೀಗೈಲಿ ಬತ್ತೀನಿ ಕಣಪ್ಪ. ಬೇಕಿದ್ರೆ ಕರಿ, ಬ್ಯಾಡ್ದಿದ್ರೆ ಬುಡು" ಎಂದೆ. ಅವನು, "ಯಾರಮ್ಮ ನೀವು? ಡಾಕ್ಟ್ರು ಫೋನ್ ನಿಮ್ತಾವ ಎಂಗ್ ಬಂತು?" ಎಂದ. ನಾನು ಒಳಗೆ ನಡೆದೆ, ನಾಲ್ವರೂ ಹಿಂದೆಯೇ ಬಂದರು. ಕಲ್ಲುರಾಕ್ಷಸ ಮೂರನೆಯ ಏಟು ಹಾಕಿದಾಗ ಶರತನ ಕೆಂಪು ಗೆರೆ ಎರಡು ಕೂದಲಿನಷ್ಟು ಉಳಿಯಿತು. ಕಾದೆ. ಹಾಕಿದೆ. ಅವನು ಎದ್ದು ನಿಂತು, ಬಹಳ ಮೆಲ್ಲಗೆ, "ಅಕ್ಕ, ನೀವೇ ಕಣ್ರೀ ಅವ್ರು" ಎಂದ. ಗುಹೆ ಗೆದ್ದೆವು. ಡಾಕ್ಟರು ಹೆಂಗಸೆಂಬುದು ಬಟನ್ನಿನಲ್ಲಿ ಯಾಕೆ ಕಾಣಲಿಲ್ಲ ಎಂದು ಅವನು ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದಾನೆ. ಅದನ್ನೂ ತೋರಿಸಬೇಕೆಂದು ಅವನೇನಾದರೂ ತಮಗೆ ಅರ್ಜಿ ಹಾಕಿದರೆ, ಅಧಿಕಾರಿಗಳಿಗೆ ಒಪ್ಪುವ ಹಾಗೆ, ಕಡತ ಸಿಗುತ್ತಿಲ್ಲ ಎಂದು ಹೇಳಿಬಿಡಿ.